ಸ್ಟ್ಯಾಂಪಿಲ್ಲದ ಅಪೀಲು

10 ಫೆಬ್ರವರಿ, ಸಂಜೆ 6

ಹರಿಹರ ಕೋರ್ಟಿನ ಮುಂದೆ ಇಡೀ ದಿನ ಕೂತರೂ ಟೈಪಿಂಗ್ ಕೆಲಸ ಆರೇ ಹಾಳೆ. ಬಸವಣ್ಣೆಮ್ಮ ತೀರಿಕೊಂಡು ಮೂರು ತಿಂಗಳು. ಮೂವತ್ತು ವರ್ಷದ ಸಂಸಾರ... ಅನ್ನ ಇವತ್ತೂ ಇಬ್ಬರಿಗಾಗುವಷ್ಟು ಮಾಡಿಬಿಟ್ಟಿದ್ದೆ.

ಮಧ್ಯಾಹ್ನ ಸಾರಥಿ ಹಳ್ಳಿಯ ಕಾಳವ್ವ ಬಂದಳು. ಕಾಲುವೆ ನೀರಿನ ಜಗಳದಲ್ಲಿ ಗಂಡ ಭರಮಣ್ಣನಿಗೆ ಒಂದು ವರ್ಷ ಶಿಕ್ಷೆ. ದಾವಣಗೆರೆ ಜೈಲಿನಲ್ಲಿದ್ದಾನೆ. ಅಪೀಲಿಗೆ ಹತ್ತೊಂಬತ್ತನೇ ತಾರೀಖು ಕಡೆಯ ದಿನ. ಫೀ ಕಟ್ಟಲು ಎಮ್ಮೆ ಮಾರುತ್ತಾಳಂತೆ.

"ಮಾರಬ್ಯಾಡ. ಒಳಗಿದ್ದೋರು ಜೈಲಿಂದಾನೇ ಅಪೀಲು ಹಾಕಿದ್ರೆ ಫೀ ಇಲ್ಲ. ವಕೀಲರ್ನೂ ಸರ್ಕಾರಾನೇ ಕೊಡ್ತೈತೆ."

"ಸುಳ್ಳು ಹೇಳಬ್ಯಾಡ್ರಿ ಯಜಮಾನ್ರೆ. ಬಸ್‌ಸ್ಟ್ಯಾಂಡ್‌ನಾಗೆ ಸಂಡಾಸಿಗೆ ಹೋಗಾಕೂ ಐದು ರೂಪಾಯಿ ಇಸ್ಕೊಂತಾರ!"

ನಕ್ಕೆ. ಬಹಳ ದಿನದ ಮೇಲೆ.

ಅರ್ಜಿ ಟೈಪ್ ಮಾಡಿಕೊಟ್ಟೆ. ಭರಮಣ್ಣ ಸಹಿ ಹಾಕಿ ಜೈಲು ಸಾಹೇಬರಿಗೆ ಕೊಟ್ಟರೆ ಸಾಕು. ಸೆಷನ್ಸ್ ಕೋರ್ಟಿಗೆ ಅವರೇ ಕಳಿಸುತ್ತಾರೆ.

17 ಫೆಬ್ರವರಿ

ಕಾಳವ್ವ ಮತ್ತೆ ಬಂದಳು. ಮುಖ ಸಪ್ಪಗಿತ್ತು. ಜೈಲಿನವರು ಅರ್ಜಿ ತೆಗೆದುಕೊಂಡಿಲ್ಲ. ಬಿಡಿಸಿ ನೋಡಿದೆ — ಸಹಿ ಹಾಕುವ ಜಾಗದ ತುಂಬ ಪೋಸ್ಟಾಫೀಸಿನ ರೆವಿನ್ಯೂ ಸ್ಟ್ಯಾಂಪು! ಐದು. ಕೀಳಲು ಹೋದರೆ ಹಾಳೆಯೇ ಹರಿಯುತ್ತದೆ.

"ಏನೂ ಬ್ಯಾಡ ಅಂದಿದ್ನಲ್ಲವ್ವ!"

"ದೊಡ್ಡೋರ ಮುಂದೆ ಬರಿಗೈಲಿ ಹೆಂಗೆ ಹೋಗಾದ್ರಿ? ಆಸ್ಪತ್ರೆಗೆ ನೋಡಾಕ ಹೋದ್ರೂ ಎರಡು ಬಾಳೆಹಣ್ಣು ಒಯ್ತೀವಿ."

ಬೈಯಬೇಕೆಂದಿದ್ದೆ. ಆಗಲಿಲ್ಲ. ಬಸವಣ್ಣೆಮ್ಮನೂ ಹಾಗೇ — ಕರೆಂಟ್ ಬಿಲ್ ಕಟ್ಟಲು ಹೋದರೂ ಕೌಂಟರಿನವನಿಗೆ ನಾಲ್ಕು ನಿಂಬೆಹಣ್ಣು...

ಹೊಸದಾಗಿ ಟೈಪ್ ಮಾಡಿದೆ. ಉಳಿದಿರುವುದು ಎರಡೇ ದಿನ. ನಾಳೆ ಜೊತೆಗೆ ನಾನೂ ಹೋಗುತ್ತೇನೆ. ಅವಳೊಬ್ಬಳನ್ನೇ ಕಳಿಸಿದರೆ ಈ ಸಲ ಹೂವಿನ ಹಾರ ಹಾಕಿಯಾಳು.

18 ಫೆಬ್ರವರಿ, ಮಧ್ಯಾಹ್ನ 3

ವಾಪಸ್ ಬರುವ ಬಸ್ಸಿನಲ್ಲೇ ಬರೆಯುತ್ತಿದ್ದೇನೆ. ಭರಮಣ್ಣ ಸಹಿ ಹಾಕಿದ. ಅರ್ಜಿ ತೆಗೆದುಕೊಂಡರು. ಸೀಲು ಬಿತ್ತು. ಒಂದು ಪೈಸೆ ಕೇಳಲಿಲ್ಲ. ಆದರೂ ಕಾಳವ್ವ ಜಾಗ ಬಿಟ್ಟು ಕದಲಲೊಲ್ಲಳು.

"ರಸೀದಿ ಕೊಡ್ರಿ."

"ಏನೂ ಇಸ್ಕೊಂಡಿಲ್ಲ, ಎಂಥ ರಸೀದಿ ಕೊಡ್ಲವ್ವ?" ಅಂದ ಗುಮಾಸ್ತ.

"ಇಸ್ಕೊಂಡಿಲ್ಲ ಅಂತಾನೇ ಬರ್ದು ಕೊಡ್ರಿ!"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಗುಮಾಸ್ತನಿಗೂ ನಗು ತಡೆಯಲಿಲ್ಲ. ಅರ್ಜಿ ಮುಟ್ಟಿತು ಎಂದು ಚೀಟಿ ಬರೆದುಕೊಟ್ಟ. ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡು ಈಗ ಪಕ್ಕದ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದಾಳೆ.

7 ಮಾರ್ಚ್, ಸಂಜೆ 5

ಸರ್ಕಾರ ಕೊಟ್ಟ ವಕೀಲರು ರಶ್ಮಿತಾ ಮೇಡಂ ಫೋನ್ ಮಾಡಿದ್ದರು. ಅಪೀಲು ಮುಗಿಯುವ ತನಕ ಶಿಕ್ಷೆಗೆ ತಡೆ. ಜಾಮೀನಿನ ಕಾಗದವೂ ಆಯಿತು. ಭರಮಣ್ಣ ಹೊರಗೆ ಬರುತ್ತಾನೆ!

ಕಾಳವ್ವನಿಗೆ ತಿಳಿಸಿದೆ. ಫೋನಿನಲ್ಲೇ ಹಟ ಹಿಡಿದಳು — "ನೀವೂ ಬರ್ಬೇಕು ಯಜಮಾನ್ರೆ. ಇಲ್ಲಾಂದ್ರೆ ನಾನೂ ಹೋಗಾದಿಲ್ಲ. ಇರ್ಲಿ ಅಲ್ಲೇ, ಆರಾಮಾಗಿ!"

ಬಿಳಿ ಅಂಗಿ ಒಗೆದು ಹಾಕಿದ್ದೇನೆ. ಇಸ್ತ್ರಿ ಸರಿಯಾಗಿ ಬರುವುದಿಲ್ಲ ನನಗೆ... ಇರಲಿ.

ನಾಳೆ ಹತ್ತೂವರೆಗೆ ಬಿಡುತ್ತಾರೆ. ಎಂಟೂಕಾಲಿನ ಬಸ್ಸು.