ಬೋವಿಂಗ್ಟನ್‌ನಲ್ಲಿ ಸೆಂಚುರಿಯನ್ ಸದ್ದು

ಡೋರೀನ್ ಅಕ್ಕಾ,

ಬೋವಿಂಗ್ಟನ್‌ಗೆ ಸುಖವಾಗಿ ಬಂದು ಸೇರಿದೆವು. ಇಲ್ಲಿನ ಮ್ಯೂಸಿಯಂಗಿಂತ ಫ್ರಾನ್ಸಿನ ಮ್ಯೂಸಿಯಂನಲ್ಲಿ ಯುದ್ಧದ ಟ್ಯಾಂಕುಗಳು ಹೆಚ್ಚು, ಅಲ್ಲಿಗೇ ಹೋಗಿ ಎಂದು ಮಗ ಹೇಳಿದ್ದ. ಕ್ಲಿಫರ್ಡ್ ಒಪ್ಪಲಿಲ್ಲ.

"ಸೈನ್ಯದಲ್ಲಿ ನಾನು ಓಡಿಸ್ತಿದ್ದಂಥ ಸೆಂಚುರಿಯನ್ ಟ್ಯಾಂಕನ್ನ ಇಲ್ಲಿ ಓಡಿಸಿ ತೋರಿಸ್ತಾರೆ ಕಣೇ. ಕಿವಿ ಪೂರ್ತಿ ಹೋಗೋದ್ರೊಳಗೆ ಅದರ ಸದ್ದು ಒಂದ್ಸಲ ಕೇಳಿಬಿಡ್ತೀನಿ," ಎಂದರು.

ಮೈದಾನದ ಅಂಚಿನಲ್ಲಿ ನಿಂತಿದ್ದ ಅದರ ಎಂಜಿನ್ ಗುಡುಗಿದಾಗ ಜನರೆಲ್ಲ ಕಿವಿ ಮುಚ್ಚಿಕೊಂಡರು.

"ಇನ್ನೂ ಸ್ಟಾರ್ಟ್ ಮಾಡಿಲ್ವಾ, ಬೆರಿಲ್?" ಎಂದು ಇವರು ಕೇಳಿದರು.

ನಾನು ಅವರ ಅಂಗೈಯನ್ನು ನಡುಗುತ್ತಿದ್ದ ಬೇಲಿಯ ಕಂಬಿಗೆ ಒತ್ತಿದೆ. ಟ್ಯಾಂಕು ಹೊರಟುಹೋದ ಮೇಲೂ ಅವರು ಕೈ ತೆಗೆಯಲಿಲ್ಲ.

ಮೊಣಕಾಲು ಊದಿದೆ, ಊಟ ಬೇಡವೆಂದು ಮಲಗಿದ್ದಾರೆ. ಸದ್ದು ಚೆನ್ನಾಗಿ ಕೇಳಿಸಿತು ಎಂದು ಮಗನಿಗೆ ಕಾರ್ಡ್ ಬರೆದಿಟ್ಟಿದ್ದಾರೆ. ಅವನು ಕೇಳಿದರೆ ನೀನೂ ಹೌದೆನ್ನು.

ಟಪಾಲು ತೆಗೆಯುವ ಹೊತ್ತಾಯಿತು.

ಬೆರಿಲ್