ಒಣಗಿಸಿದ ತಪ್ಪು

ಮಾರ್ಚ್ 11, ಸಂಜೆ
ಹನ್ನೆರಡು ತಾಮ್ರದ ಹಾಳೆ ತೊಳೆದು, ದೀಪದಡಿ ಒಣಗಿಸಿ, ಚೀಟಿ ಅಂಟಿಸಿದೆ. ಒಂದೊಂದರ ಮೇಲೂ ಕೋಟಿಗಟ್ಟಲೆ ತಂತಿ, ಹುಲ್ಲುಹಾಸಿನ ಹಾಗೆ. ಕೂದಲಿಗಿಂತ ಸಾವಿರ ಪಾಲು ಸಣ್ಣ. ಲೇಸರ್ ಬಡಿದರೆ ಬೆಳಕು ತಂತಿಗಳ ಸಂದಿಗೆ ಇಳಿಯಬೇಕು, ಎಕ್ಸ್-ರೇ ಹೆಚ್ಚು ಬರಬೇಕು. ಈ ಸಲ ತಂತಿ ಎರಡರಷ್ಟು ಉದ್ದ... ಅಣ್ಣನ ಮಗಳು ಪುಟ್ಟಿಯ ಆಸೆ. ಹದಿನೈದರವರೆಗೆ ಲೇಸರ್ ಯಂತ್ರ ಅವಳದು. ಅಷ್ಟರಲ್ಲಿ ಆಗದಿದ್ದರೆ ಅವಳ ಸಂಶೋಧನೆಯನ್ನೇ ಮುಚ್ಚುತ್ತಾರೆ.

ಮಾರ್ಚ್ 13
ಎರಡು ದಿನ, ಒಂಬತ್ತು ಹೊಡೆತ. ತಂತಿಯಿಲ್ಲದ ಬೋಳು ಹಾಳೆಗಿಂತ ಎಕ್ಸ್-ರೇ ಒಂದಿಷ್ಟೂ ಹೆಚ್ಚಿಲ್ಲ.
ಲೇಸರ್ ನಡೆಸುವವರ ಮೇಲೆ ಪುಟ್ಟಿ ಹರಿಹಾಯ್ದಳು. "ನಿಮ್ಮ ಬೆಳಕೇ ಸರಿಯಿಲ್ಲ ಸಾರ್!"
"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಎಂದರು ಅವರು.
"ನಮ್ಮತ್ತೆ ಮೂವತ್ತು ವರ್ಷದಿಂದ ಹಾಳೆ ಮಾಡ್ತಿದ್ದಾರೆ. ಅವರ ಕೈ ತಪ್ಪಲ್ಲ!"
ಆದರೆ ಈ ಸಲ ಹಾಳೆಗಳನ್ನು ನಾನು ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿರಲಿಲ್ಲ. ರೂಢಿ ಎಂಬ ಧೈರ್ಯ.

ಅದೇ ದಿನ, ಮಧ್ಯಾಹ್ನ ಮೂರೂವರೆ
ನೋಡಿದೆ. ತಂತಿಗಳೆಲ್ಲ ಒದ್ದೆ ಕೂದಲಿನ ಹಾಗೆ ಗಂಟುಗಂಟಾಗಿ ಅಂಟಿಕೊಂಡಿವೆ. ನೀರು ಆರುತ್ತಾ ಎಳೆದುಬಿಟ್ಟಿದೆ. ಗಿಡ್ಡ ತಂತಿ ತಡೆದುಕೊಳ್ಳುತ್ತಿತ್ತು, ಉದ್ದದ್ದು ಬಾಗಿತು. ಸಂದಿಯೇ ಇಲ್ಲ, ಬೆಳಕು ಇಳಿಯುವುದೆಲ್ಲಿ?
ಪುಟ್ಟಿಯನ್ನೂ ಲೇಸರ್‌ನವರನ್ನೂ ಕರೆದು ತೋರಿಸಿದೆ. "ಬೆಳಕಿನದಲ್ಲ, ನನ್ನ ತಪ್ಪು."
ಪುಟ್ಟಿಯ ಮುಖ ಬಿಳಿಚಿತು. "ಅತ್ತೆ, ಎರಡೇ ದಿನ ಇರೋದು..."
"ಎರಡು ದಿನ ಇದೆಯಲ್ಲೇ! ಅಳೋದಾದ್ರೆ ಹದಿನಾರನೇ ತಾರೀಕು ಅಳು."

ಮಾರ್ಚ್ 14
ಅಣ್ಣನಿಗೆ ಕಾಗದ ಬರೆಯಲು ಕೂತೆ, ಆಗಲಿಲ್ಲ. ಏನೆಂದು ಬರೆಯಲಿ — ನಿನ್ನ ಮಗಳ ಎರಡು ದಿನ ತಿಂದೆ ಅಂತಲೇ?
ಹೊಸ ಹಾಳೆ. ಈ ಸಲ ನೀರನ್ನು ಹಾಗೇ ಆರಲು ಬಿಡಲಿಲ್ಲ. ಅದನ್ನು ತೆಗೆದು, ಸ್ವಲ್ಪ ತಂಪಿಗೇ ಹೆಪ್ಪುಗಟ್ಟುವ ಒಂದು ಬಗೆಯ ಆಲ್ಕೋಹಾಲ್ ತುಂಬಿ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಗಾಳಿ ಎಳೆದು ತೆಗೆಯುವ ಪಂಪಿಗೆ ಹಾಕಿದೆ. ಗಟ್ಟಿಯದ್ದು ದ್ರವವಾಗದೆ ನೇರ ಆವಿಯಾಗಬೇಕು. ಮೊದಲ ಎರಡು ಕೆಟ್ಟವು. ಮೂರನೆಯದರಲ್ಲಿ ತಂತಿಗಳು ನೆಟ್ಟಗೆ ನಿಂತಿವೆ! ರಾತ್ರಿಯೆಲ್ಲ ಕೂತು ಇನ್ನಷ್ಟು ಹೀಗೇ ಮಾಡಬೇಕು.

ಮಾರ್ಚ್ 15, ಮಧ್ಯಾಹ್ನ
ಮೂರು ಹೊಡೆತ. ಮೂರರಲ್ಲೂ ಬೋಳು ಹಾಳೆಯ ನಾಲ್ಕು ಪಟ್ಟು ಎಕ್ಸ್-ರೇ.
ಪುಟ್ಟಿ ಕುಣಿಯಲಿಲ್ಲ. ಲೇಸರ್‌ನವರ ಮುಂದೆ ಹೋಗಿ ನಿಂತಳು. "ತಪ್ಪಾಯ್ತು ಸಾರ್."
"ಅದಿರಲಿ. ಇನ್ನೂ ನಾಲ್ಕು ಗಂಟೆ ಕಾಲ ಲೇಸರ್ ನಿಮ್ಮದೇ. ಹಾಳೆ ಎಲ್ಲಮ್ಮಾ?"
ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಉಳಿದಿದ್ದು ಒಂದೇ ಒಂದು ಹಾಳೆ. ಪಂಪಿನಲ್ಲಿ ಇನ್ನೆರಡು ಇವೆ, ಇಷ್ಟು ಹೊತ್ತಿಗೆ ಒಣಗಿರಬೇಕು, ಪುಟ್ಟಿ ಕೂಗುತ್ತಿದ್ದಾಳೆ, ಹೋಗಿ ನೋಡಬೇಕು.