ಅಕ್ಕನ ಮಣಿಕಟ್ಟಿಗೆ ಬಿಗಿದ ಸಂಯಮ

ಆರೈಕೆ ಕೇಂದ್ರಗಳಿಗೆ ಪರವಾನಗಿ ಕೊಡುವ ಇಲಾಖೆಯ ಮುಖ್ಯಸ್ಥರಿಗೆ

ಮಾನ್ಯರೇ,

ನಿಮ್ಮ ಇಲಾಖೆಯ ಪರವಾನಗಿಗೆ ಚೌಕಟ್ಟು ಹಾಕಿಸಿ ಬಾಗಿಲಲ್ಲೇ ತೂಗುಹಾಕಿರುವ ಆರೈಕೆ ಕೇಂದ್ರವೊಂದರಲ್ಲಿ ನನ್ನ ಅಕ್ಕನ ಎರಡೂ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದ್ದರು. ಅದನ್ನು ಹೇಳಲು ನಿಮ್ಮ ಕೊಠಡಿಗೆ ಬಂದಾಗ ನೀವು ಕೈಸನ್ನೆಯಲ್ಲೇ ಕೂರಲು ಹೇಳಿ, ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ "ಸ್ವಲ್ಪ ಸಂಯಮ ಇರಲಿ" ಎಂದಿರಿ. ನನ್ನ ದನಿ ಏರಿತ್ತು, ನಿಜ. ಆದರೆ ಆ ಪದ ನಿಮ್ಮ ಬಾಯಿಂದ ಬಿದ್ದಾಗಿನಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ನುಂಗಲಾಗುತ್ತಿಲ್ಲ. ಹಾಗಾಗಿ ಊರಿಗೆಲ್ಲ ಕೇಳುವಂತೆ ಇಲ್ಲಿ ಉಗುಳುತ್ತಿದ್ದೇನೆ.

ಅಕ್ಕ ಯಾರು ಎಂದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಸಾರ್ವಜನಿಕ ಈಜುಕೊಳದಲ್ಲಿ ಆಕೆ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ನೀರಿಗೆ ಹೆದರಿ ಮೆಟ್ಟಿಲ ಕಂಬಿಯನ್ನು ತಬ್ಬಿಕೊಂಡ ಮಗುವನ್ನು ಆಕೆ ಎಂದೂ ಹಿಡಿದು ಎಳೆದವಳಲ್ಲ. ಪಕ್ಕದಲ್ಲೇ ಸೊಂಟದವರೆಗೆ ನೀರಲ್ಲಿ ನಿಂತು, ಏನೇನೋ ಹರಟುತ್ತ, ಮಗು ತಾನಾಗಿ ಕೈ ಬಿಡುವವರೆಗೆ ಕಾಯುತ್ತಿದ್ದಳು. ಬೆರಳೆಲ್ಲ ಸುಕ್ಕುಗಟ್ಟಿ ಮನೆಗೆ ಬರುತ್ತಿದ್ದಳು. ನಿಮ್ಮ ಇಲಾಖೆಯಲ್ಲೂ ಆಕೆಯ ಕೈಯಲ್ಲಿ ಈಜು ಕಲಿತವರು ಇದ್ದಾರು, ವಿಚಾರಿಸಿ. ಆಮೇಲೆ ಮರೆವಿನ ಕಾಯಿಲೆ ಬಂತು. ಮೊದಲು ಬೀದಿಗಳ ಗುರುತು ಹೋಯಿತು, ಆಮೇಲೆ ತೀರಿಹೋದ ನನ್ನ ಹೆಂಡತಿಯ ಹೆಸರು, ಕೊನೆಗೆ ನಾನೂ ಹೋದೆ. ಉಳಿದದ್ದು ತೋಳುಗಳಿಗೆ ಗೊತ್ತಿದ್ದದ್ದು ಮಾತ್ರ. ಕೂತಲ್ಲೂ ಮಲಗಿದಲ್ಲೂ ಅವು ಈಜುತ್ತಲೇ ಇದ್ದವು.

ನಾನು ಲಿಫ್ಟ್ ರಿಪೇರಿ ಮಾಡುವವನು. ಎಲ್ಲೋ ಯಾರೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರೆ ತಟ್ಟೆ ಬಿಟ್ಟು ಏಳಬೇಕು. ಹೀಗೆ ಒಮ್ಮೆ ಎದ್ದು ಹೋಗಿ ಬರುವಷ್ಟರಲ್ಲಿ ಅಕ್ಕ ಬೀದಿ ಕೊನೆಯ ಕಾರಂಜಿಯಲ್ಲಿ ಇಳಿದು ನಿಂತಿದ್ದಳು. ಅದಾದ ಮೇಲೆಯೇ ಆ ಕೇಂದ್ರಕ್ಕೆ ಸೇರಿಸಿದ್ದು. ಬಾಗಿಲಲ್ಲೇ ದೊಡ್ಡ ಮೀನಿನ ತೊಟ್ಟಿ, ಗೋಡೆ ತುಂಬ ನಗುವ ಮುದುಕರ ಫೋಟೋ. ಆದರೆ ನನ್ನನ್ನು ಒಪ್ಪಿಸಿದ್ದು ಅದ್ಯಾವುದೂ ಅಲ್ಲ, ಅಲ್ಲಿನ ಒಬ್ಬ ಆಯಾ. ಎಲ್ಲವನ್ನೂ ನಿಧಾನವಾಗಿ ಮಾಡುತ್ತಾಳೆಂದು ಕೇಂದ್ರದವರು ಅವಳಿಗೆ ಮೆಲ್ಲಕ್ಕ ಎಂದು ಅಡ್ಡಹೆಸರಿಟ್ಟಿದ್ದರು. ಅಕ್ಕನ ತೋಳು ಬೀಸುವಾಗ ಎಲ್ಲಿ ನಿಂತರೆ ತಾಗುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು. ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತಂದಿಟ್ಟು ಅಕ್ಕನ ಕೈಗಳನ್ನು ಅದರಲ್ಲಿ ಬಿಡುತ್ತಿದ್ದಳು. ಆ ಹೊತ್ತಿಗೆ ಅಕ್ಕ ಎರಡು ತುತ್ತು ಹೆಚ್ಚೇ ತಿನ್ನುತ್ತಿದ್ದಳು.

ಒಂದು ದಿನ ಮೆಲ್ಲಕ್ಕನ ಕೆನ್ನೆ ಊದಿಕೊಂಡಿತ್ತು. ನಾನು ನಾಚಿಕೆಯಿಂದ ಕುಗ್ಗಿಹೋಗಿ ಕ್ಷಮೆ ಕೇಳಿದೆ.

"ಅಯ್ಯೋ, ನಿಮ್ಮಕ್ಕ ನನಗೆ ಹೊಡೀಲಿಲ್ಲಪ್ಪ," ಎಂದು ನಕ್ಕಳು. "ಅವರು ನೀರಿಗೆ ಹೊಡೆದ್ರು. ನಾನು ನೀರಲ್ಲಿದ್ದೆ, ಅಷ್ಟೆ."

ಕೆನ್ನೆಗೆ ಏಟು ತಿಂದವಳು ಮತ್ತೆ ಅದೇ ಟಬ್ಬಿಗೆ ನೀರು ತುಂಬಿಸಿ ತಂದಳು. ಸಂಯಮ ಎಂದರೆ ಏನೆಂದು ನಿಮಗೆ ತಿಳಿಯಬೇಕಿದ್ದರೆ ಅದನ್ನು ನೋಡಬೇಕಿತ್ತು.

ಅಷ್ಟರಲ್ಲಿ ನಿಮ್ಮ ಇಲಾಖೆ ಹೊಸ ನಿಯಮ ತಂದಿತು. ಎಷ್ಟು ರೋಗಿಗಳಿಗೆ ಎಷ್ಟು ಆಯಾಗಳಿರಬೇಕು ಎಂಬ ಹಳೆಯ ಕಟ್ಟಳೆ ತೆಗೆದು, "ಅಗತ್ಯಕ್ಕೆ ತಕ್ಕಷ್ಟು" ಎಂದು ಬರೆದಿರಿ. ಅಗತ್ಯ ಯಾರದು ಎಂದು ಬರೆಯಲು ಮರೆತಿರಿ. ಮಾಲೀಕರಿಗೆ ಅರ್ಥವಾಗದೆ ಇರುತ್ತದೆಯೇ? ವಾರ ಕಳೆಯುವುದರೊಳಗೆ ಇಡೀ ಮಹಡಿಗೆ ಒಬ್ಬಳೇ ಆಯಾ ಉಳಿದಳು. ಉಳಿದವರ ಬದಲಿಗೆ ನೀಲಿ ಬಟ್ಟೆಯ ಪಟ್ಟಿಗಳು ಬಂದವು. ಮೆಲ್ಲಕ್ಕ ಕಟ್ಟಲು ಒಪ್ಪಲಿಲ್ಲ. "ಇವರೇನು ಕಳ್ಳತನ ಮಾಡಿದಾರಾ?" ಎಂದು ಕೇಳಿದಳಂತೆ. "ನಿನ್ನ ಹಾಗೆ ಎಲ್ರೂ ಮೆಲ್ಲಗೆ ಮಾಡ್ತಾ ಕೂತ್ರೆ ನಾನು ಬಾಗಿಲು ಹಾಕ್ಕೊಂಡು ಹೋಗಬೇಕಾಗುತ್ತೆ," ಎಂದನಂತೆ ಮಾಲೀಕ. ಅವಳು ಏಪ್ರನ್ ಬಿಚ್ಚಿ ಮಡಚಿಟ್ಟು ಹೊರಟುಹೋದಳು.

ಇದಾವುದೂ ನನಗೆ ತಿಳಿದಿರಲಿಲ್ಲ. ಮಧ್ಯಾಹ್ನ ಕೆಲಸ ಬೇಗ ಮುಗಿದಿತ್ತೆಂದು, ಹೇಳದೆ ಕೇಳದೆ ಹೋದೆ. ಅಕ್ಕ ಅಂಗಾತ ಮಲಗಿದ್ದಳು. ಮಣಿಕಟ್ಟುಗಳಲ್ಲಿ ನೀಲಿ ಪಟ್ಟಿ. ತೋಳುಗಳು ಈಗಲೂ ಈಜಲು ಹೋಗುತ್ತಿದ್ದವು. ಪ್ರತಿ ಸಲವೂ ಪಟ್ಟಿ ಎಳೆದು ಮಂಚ ಕಿರುಗುಟ್ಟುತ್ತಿತ್ತು. ನನ್ನನ್ನು ನೋಡಿ ಅವಳಿಗೆ ನಾನು ಯಾರೆಂದು ಗೊತ್ತಾಗಲಿಲ್ಲ, ಆದರೆ ಕೊಳದ ಯಾರೋ ಸಿಬ್ಬಂದಿ ಎಂದುಕೊಂಡಳೋ ಏನೋ, ಗಂಟಲು ಹರಿಯುವಂತೆ ಕೂಗಿದಳು: "ಮಕ್ಕಳು ಮುಳುಗ್ತಾ ಇದಾವೆ! ಬೇಗ ಕೈ ಬಿಚ್ಚೋ!"

ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ ಗೊತ್ತಿಲ್ಲ. ದನಿ ಒಡೆದುಹೋಗಿತ್ತು. ಅವಳ ಲೆಕ್ಕದಲ್ಲಿ ಅಷ್ಟೂ ಹೊತ್ತು ಮಕ್ಕಳು ಮುಳುಗುತ್ತಲೇ ಇದ್ದವು, ಅವಳು ನೋಡುತ್ತಲೇ ಇದ್ದಳು. ಮಾನ್ಯರೇ, ಪಟ್ಟಿಯ ಗುರುತು ವಾಸಿಯಾಯಿತು. ಎಳೆದೆಳೆದು ಕೀಲು ಕಿತ್ತ ಬಲಭುಜ ಅರೆಬರೆ ವಾಸಿಯಾಯಿತು. ಆ ನೋಟಕ್ಕೆ ಯಾವ ಮುಲಾಮು ಹಚ್ಚಲಿ?

ವ್ಯವಸ್ಥಾಪಕ ಓಡಿಬಂದು, "ಸಾರ್, ಇದು ಕಟ್ಟೋದಲ್ಲ. ಇದಕ್ಕೆ ಸುರಕ್ಷತಾ ಬೆಂಬಲ ಅಂತಾರೆ. ಇಲಾಖೆ ಒಪ್ಪಿಗೆ ಇದೆ," ಎಂದ. ನಾನು ಗಂಟು ಬಿಚ್ಚಲು ಬಾರದೆ ಕೆಲಸದ ಚೀಲದ ಕತ್ತರಿಯಿಂದ ಪಟ್ಟಿ ಕತ್ತರಿಸಿ, ಅಕ್ಕನನ್ನು ಎತ್ತಿಕೊಂಡು ಮನೆಗೆ ಬಂದೆ. ಮೆಲ್ಲಕ್ಕನನ್ನು ಹುಡುಕಿ ಕರೆದೆ. "ಕರೀತೀರೇನೋ ಅಂತ ಕಾಯ್ತಾ ಇದ್ದೆ," ಎಂದಳು. ಆ ಕೆಲವು ವಾರ ನಮ್ಮ ಮನೆಯಲ್ಲಿ ಟಬ್ಬಿನ ನೀರಿನ ಸದ್ದು ಕೇಳುತ್ತಿತ್ತು, ಅಕ್ಕ ಉಣ್ಣುತ್ತಿದ್ದಳು.

ಆಗ ಬಂತು ಕೇಂದ್ರದ ವಕೀಲರ ನೋಟಿಸು. ಕೆಲಸಕ್ಕೆ ಸೇರುವಾಗ ಮೆಲ್ಲಕ್ಕ ಸಹಿ ಹಾಕಿದ ಕರಾರಿನ ಪ್ರಕಾರ, ಕೆಲಸ ಬಿಟ್ಟ ಮೇಲೂ ಎರಡು ವರ್ಷ ಅವಳು ಆ ಕೇಂದ್ರದ ಯಾವ "ಗ್ರಾಹಕ"ರಿಗೂ, ಅಂದರೆ ಅಲ್ಲಿಂದ ಹೊರಬಂದವರಿಗೂ ಆರೈಕೆ ಮಾಡುವಂತಿಲ್ಲ! ಅಕ್ಕ ಅವರ ವ್ಯಾಪಾರದ ಗುಟ್ಟಂತೆ. ಅದನ್ನು ಮೆಲ್ಲಕ್ಕ ಕದ್ದು ತಂದಳಂತೆ. ಹಟ ಹಿಡಿದರೆ ದಂಡ ಅವಳ ತಲೆಗೆ. ಅವಳಿಗೊಂದು ಸಂಸಾರವಿದೆ, ನಾನು ಅವಳನ್ನು ಅಪಾಯಕ್ಕೆ ದೂಡಿ ಅಕ್ಕನಿಗೆ ತುತ್ತು ತಿನ್ನಿಸಲೇ?

ಆಗಲೇ ನಾನು ನಿಮ್ಮಲ್ಲಿಗೆ ಬಂದದ್ದು. ನಿಮ್ಮ ಕಚೇರಿಯ ಲಿಫ್ಟ್ ಕೆಟ್ಟು ನಿಂತಿತ್ತು. ಖರ್ಚಿನಲ್ಲಿ ಸಂಯಮ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಮೊಣಕಾಲು ಹಿಡಿದ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ಕೂತು, ನಿಮಗೆ ಕೊಡಲು ತಂದ ಅರ್ಜಿಯಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದಳು. ಪಟ್ಟಿ ಕಟ್ಟುವುದನ್ನು ನಿಲ್ಲಿಸಿ ಎಂದೆ. "ತಪಾಸಣೆಗೆ ಕಳಿಸೋಕೆ ಜನ ಇಲ್ಲ ಕಣ್ರೀ," ಎಂದಿರಿ. ಹಾಗಾದರೆ ಮೆಲ್ಲಕ್ಕನ ಕರಾರನ್ನಾದರೂ ರದ್ದು ಮಾಡಿಸಿ ಎಂದೆ. "ನೋಡಿ, ಉದ್ಯಮದ ವಿಷಯದಲ್ಲಿ ಇಲಾಖೆ ತಲೆ ಹಾಕಲ್ಲ. ನಾವೂ ಒಂದು ಸಂಯಮ ಪಾಲಿಸಬೇಕಾಗುತ್ತೆ," ಎಂದಿರಿ.

ಎಂಥ ಸಂಯಮ, ಮಾನ್ಯರೇ! ಲಾಭದ ಮುಂದೆ ನೀವು ಕೈಕಟ್ಟಿ ನಿಲ್ಲುತ್ತೀರಿ, ಖರ್ಚಿನ ಮುಂದೆ ಕೈ ಬಿಗಿ ಹಿಡಿಯುತ್ತೀರಿ. ಆದರೆ ಕಾಯಿಲೆಯ ಹೆಂಗಸಿನ ಕೈ ಕಟ್ಟಲು ಒಪ್ಪಿಗೆ ಬೇಕೆಂದಾಗ, ದುಡಿಯುವ ಹೆಂಗಸಿನ ದುಡಿಮೆಯನ್ನು ಕಟ್ಟಿಹಾಕಿದಾಗ, ಆ ಸಂಯಮ ಎಲ್ಲಿ ಅಡಗಿತ್ತು? ಮೂವತ್ತು ವರ್ಷ ಲಿಫ್ಟಿನ ಗುಂಡಿಗಳಲ್ಲಿ ಇಳಿದು ಹತ್ತಿದವನು ನಾನು. ಬ್ರೇಕ್ ಇರಬೇಕಾದದ್ದು ಯಂತ್ರಕ್ಕೆ. ಭಾರ ಎಳೆಯುವ, ಕೈತಪ್ಪಿದರೆ ಜನರನ್ನು ಕೊಲ್ಲಬಲ್ಲ ಯಂತ್ರಕ್ಕೆ. ಒಳಗೆ ನಿಂತವರ ಕಾಲಿಗೆ ಬ್ರೇಕ್ ಹಾಕಿ, ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ನನ್ನನ್ನು ಜೈಲಿಗೆ ಹಾಕುತ್ತಾರೆ. ನೀವು ಅದನ್ನೇ ಮಾಡಿದ್ದೀರಿ. ನಿಮಗೆ ಬಡ್ತಿ ಸಿಕ್ಕಿದೆ ಎಂದು ಕೇಳಿದೆ. ಅಭಿನಂದನೆಗಳು.

"ಕಟ್ಟದೆ ಬಿಟ್ರೆ ಬಿದ್ದು ಮೂಳೆ ಮುರ್ಕೋತಾರೆ, ಆಗ ನೀವೇ ಬಂದು ಕೂಗಾಡ್ತೀರಿ," ಎಂದಿರಿ. ಮಾತು ಪೂರ್ತಿ ಸುಳ್ಳಲ್ಲ. ಬೀಳುವ ಭಯ ನನಗೂ ಇದೆ, ಈ ಕ್ಷಣವೂ ಇದೆ. ಪಕ್ಕದಲ್ಲಿ ಒಬ್ಬರು ಇದ್ದರೆ ಬೀಳುವುದು ಕಡಿಮೆ. ಆ ಒಬ್ಬರನ್ನು ಮನೆಗೆ ಕಳಿಸಿ, ಅವರ ಜಾಗದಲ್ಲಿ ಬಟ್ಟೆಯ ಪಟ್ಟಿ ಕೂರಿಸಿ, ಅದಕ್ಕೆ ಸುರಕ್ಷತೆ ಎಂದು ಹೆಸರಿಟ್ಟಿದ್ದೀರಲ್ಲ, ನನ್ನ ತಕರಾರು ಅದು.

ಮೆಲ್ಲಕ್ಕ ಈಗ ಲಾಂಡ್ರಿಯೊಂದರಲ್ಲಿ ಚಾದರ ಮಡಚುತ್ತಾಳೆ. ಭಾನುವಾರ ನಮ್ಮ ಮನೆಗೆ ಬರುತ್ತಾಳೆ, ನೆಂಟಳಾಗಿ. ನೆಂಟರು ಬರಬಾರದೆಂದು ಕರಾರಿನಲ್ಲಿ ಇಲ್ಲ. ನಾನು ಅಕ್ಕನಿಗೆ ಉಣಿಸುತ್ತೇನೆ; ಅವಳು ಎದುರಿನ ಕುರ್ಚಿಯಲ್ಲಿ ಕೂರುತ್ತಾಳೆ. ಎದುರು ಮನೆಯ ಕಿಟಕಿಯಿಂದ ಯಾರಾದರೂ ಫೋಟೋ ತೆಗೆದು ಕೇಂದ್ರಕ್ಕೆ ಕಳಿಸಿಯಾರೆಂಬ ಹೆದರಿಕೆ ಅವಳಿಗೆ. ಕಳೆದ ಭಾನುವಾರ ನಾನು ಚಮಚ ತುಸು ಜಾಸ್ತಿ ಓರೆ ಮಾಡಿದೆ, ಅಕ್ಕನಿಗೆ ನೆತ್ತಿಗೇರಿತು. ಮುಖ ಕೆಂಪಾಗಿ ಕೆಮ್ಮತೊಡಗಿದಳು. ಮೆಲ್ಲಕ್ಕ ಅರ್ಧ ಎದ್ದವಳು ಮತ್ತೆ ಕೂತಳು. ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು, "ಮುಂದಕ್ಕೆ ಬಗ್ಗಿಸಿ... ಬೆನ್ನು ಸವರಿ... ಗಾಬರಿ ಆಗ್ಬೇಡಿ, ಮೆಲ್ಲಗೆ," ಎಂದು ಬಾಯಲ್ಲೇ ಹೇಳುತ್ತಿದ್ದಳು. ಅಕ್ಕನ ಕೆಮ್ಮು ನಿಂತಿತು. ಮೆಲ್ಲಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಅವಳು ಕೈ ಹೊರಗೆ ತೆಗೆಯಲಿಲ್ಲ.

ನಾನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಪಕ್ಕದಲ್ಲಿ ಕೂರಲು ಜನರನ್ನು ಇಡದ ಕೇಂದ್ರಕ್ಕೆ ರೋಗಿಯನ್ನು ಕಟ್ಟುವ ಅಧಿಕಾರ ಇರಬಾರದು. ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿರಿ. ತಪಾಸಣೆಗೆ ಜನ ಇಲ್ಲವೆಂದರೆ ನೀವೇ ಹೋಗಿ, ಹೇಳದೆ ಹೋಗಿ. ಆರೈಕೆ ಮಾಡುವವರನ್ನು ಅವರ ಕೆಲಸದಿಂದಲೇ ದೂರವಿಡುವ ಕರಾರುಗಳು ಇನ್ನು ಮುಂದೆ ಚಲಾವಣೆಯಲ್ಲಿ ಇಲ್ಲವೆಂದು ಒಂದು ಸಾಲು ಬರೆದು, ಕೆಳಗೆ ನಿಮ್ಮ ಸಹಿ ಹಾಕಿ. ಮುಂದಿನ ಭಾನುವಾರ ಆ ಹೆಂಗಸು ನಮ್ಮ ಮನೆಯಲ್ಲಿ ತನ್ನ ಕೈಯಾರೆ ಚಮಚ ಹಿಡಿಯಲಿ.

ಇಂತಿ,
ತಮ್ಮ ವಿಧೇಯನಾಗಿ ಉಳಿಯಲಾರದ,
ಅಕ್ಕನ ತಮ್ಮ